ಜೋಸಾಯ ವೆಜ್‌ವುಡ್ ಎಂಬ ಕುಂಬಾರನ ಚರಿತ್ರೆ

ಸ್ವಂತವಾಗಿ ಒಂದು ಕಸುಬನ್ನಾಗಲಿ ಅಂಗಡಿಯನ್ನಾಗಲಿ ನಡಿಸಬೇಕೆಂದು ಮನಸ್ಸುಮಾಡುವವರು ನಮ್ಮ ಹಳ್ಳಿಗಳಲ್ಲಿ ಅನೇಕರುಂಟು. ಆರಂಭದಲ್ಲಿ ಉತ್ಸಾಹವು ಬಹಳ. ಮಾರಾಟವೂ ಚೆನ್ನಾಗಿ ಸಾಗುವದು. ಆದರೆ ವರುಷವು ತುಂಬುವಷ್ಟರಲ್ಲಿ ಪೆಟ್ಟಿಗೆಯು ಬರಿದಾಗಿ, ಸಾಲ ಕೊಟ್ಟವನು ಬಾಗಿಲಲ್ಲಿ ಬಂದು ನಿಲ್ಲುವನು. ಹಣವು ಎಲ್ಲಿ ಹೋಯಿತೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೂ ಇರುವದಿಲ್ಲ. ಈ ಸಂಕಟವು ಬಡವರಿಗೂ ಅನುಭವವಿಲ್ಲದವರಿಗೂ ಮಾತ್ರ ಬರುವದೆಂದು ನಾವು ನೆನಸಬಾರದು. ರಾಣಿಯರಿಗೆ ಪಾತ್ರೆಗಳನ್ನು ಮಾಡಿಕೊಟ್ಟ ಒಬ್ಬ ಪ್ರಸಿದ್ಧ ಕುಂಬಾರನಿಗೂ ಇದು ಬಂದಿತು. ಅವನು ಅದರಿಂದ ಹೇಗೆ ಪಾರಾದನೆಂಬದನ್ನು ಈ ಸಾರಿ ಹೇಳಲಿಚ್ಛಿಸುತ್ತೇವೆ.

ಜೋಸಾಯ ವೆಜ್‌ವುಡ್ ಎಂಬವನು ಇಂಗ್ಲೆಂಡ್ ದೇಶದ ಸ್ಟಾಫರ್ಡ್‌ಷೈರ್ ಸೀಮೆಯ ಬರ್ಸ್ಲೆಮ್ ಎಂಬ ಊರಿನಲ್ಲಿ 1730ನೆಯ ಇಸವಿಯಲ್ಲಿ ಹುಟ್ಟಿದನು. ಆ ಊರಿನವರ ಕಸುಬು ಕುಂಬಾರಿಕೆಯೇ. ಅವನ ತಂದೆಯೂ ಕುಂಬಾರನು. ಬಹುಮಂದಿ ಮಕ್ಕಳಿದ್ದ ಆ ಮನೆಯಲ್ಲಿ ಇವನೇ ಕಿರಿಯವನು. 1739ರಲ್ಲಿ ತಂದೆಯು ತೀರಿಹೋದದರಿಂದ ಹುಡುಗನ ಶಾಲೆಯು ನಿಂತಿತು. ಮರಣಶಾಸನದಂತೆ ಮುಂದೆ ಅವನಿಗೆ ಸಿಕ್ಕಬೇಕಾಗಿದ್ದದ್ದು 20 ಪೌಂಡು ಮಾತ್ರ. ಇದು ಸಾಲದೆಂಬಂತೆ ಬಾಲ್ಯದಲ್ಲಿಯೇ ಸಿಡುಬು ತಗಲಿ ಬಲ ಮೊಣಕಾಲು ಕೆಟ್ಟುಹೋಯಿತು. ಆ ದೇಶದ ತಿಗರಿಯನ್ನು ಕಾಲಿನಿಂದ ತುಳಿದು ತಿರುಗಿಸಬೇಕಾಗಿದ್ದದರಿಂದ, ಕಾಲಿಲ್ಲದ ಕುಂಬಾರನು ಏನು ಮಾಡಿಯಾನು? ಅವನಾದರೋ ತಿಗರಿಯನ್ನು ಬಿಟ್ಟರೂ ಕಸುಬನ್ನು ಬಿಡಲಿಲ್ಲ. ಮಣ್ಣಿನ ಗುಣ, ಮೆರುಗಿನ ಬಣ್ಣ, ಅಚ್ಚಿನ ಕೆಲಸ, ಆವಿಗೆಯ ಬೆಂಕಿ ಇವುಗಳ ಕಡೆಗೆ ಮನಸ್ಸನ್ನು ತಿರುಗಿಸಿದನು.

1744ರಲ್ಲಿ ಹಿರಿಯ ಅಣ್ಣನ ಕೈಕೆಳಗೆ ಐದು ವರುಷದ ಕರಾರಿನ ಮೇಲೆ ಕೆಲಸ ಕಲಿಯಲಾರಂಭಿಸಿದನು. ಅವಧಿಯು ಮುಗಿದ ಮೇಲೆ ಅಣ್ಣನು ಅವನನ್ನು ಪಾಲುಗಾರನಾಗಿ ಸೇರಿಸಿಕೊಳ್ಳಲಿಲ್ಲ. 1754ರಲ್ಲಿ ಥಾಮಸ್ ವೀಲ್ಡನ್ ಎಂಬ ಒಳ್ಳೇ ಕುಂಬಾರನ ಸಂಗಡ ಪಾಲುಗಾರನಾಗಿ ಸೇರಿ, ಮಣ್ಣನ್ನೂ ಮೆರುಗನ್ನೂ ನಾನಾ ವಿಧವಾಗಿ ಬೆರಸಿ ಸುಟ್ಟು ನೋಡಹತ್ತಿದನು. ಪ್ರತಿಯೊಂದು ಪರೀಕ್ಷೆಗೂ ಅಂಕೆಯನ್ನು ಹಾಕಿ, ಸಫಲವಾದದ್ದನ್ನೂ ಕೆಟ್ಟುಹೋದದ್ದನ್ನೂ ಪುಸ್ತಕದಲ್ಲಿ ಬರೆದಿಟ್ಟನು. 1759ರಲ್ಲಿ ಬರ್ಸ್ಲೆಮಿನಲ್ಲಿ ತನ್ನ ಬಂಧುಗಳಿಂದ ಒಂದು ಚಿಕ್ಕ ಮನೆಯನ್ನೂ ಆವಿಗೆಗಳನ್ನೂ ಬಾಡಿಗೆಗೆ ತೆಗೆದುಕೊಂಡು ಸ್ವಂತ ಕಾರ್ಯವನ್ನು ಆರಂಭಿಸಿದನು.

ಅಲ್ಲಿ ಕೆನೆಯ ಬಣ್ಣದ ಒಂದು ತರದ ಪಾತ್ರೆಯನ್ನು ಉತ್ತಮಗೊಳಿಸಿದನು. 1765ರಲ್ಲಿ ಷಾರ್ಲಟ್ ರಾಣಿಗೆ ಚಹದ ಪಾತ್ರೆಗಳನ್ನು ಮಾಡಿಕೊಟ್ಟಂದಿನಿಂದ ಅದಕ್ಕೆ ರಾಣಿಯ ಪಾತ್ರೆಯೆಂಬ ಹೆಸರಾಯಿತು. ಆದರೆ ಪಾತ್ರೆಯು ಚೆನ್ನಾಗಿದ್ದರೆ ಸಾಕೇ? ಕುದುರೆಗಳ ಮೇಲೆ ಹೇರಿ ಕೆಟ್ಟ ದಾರಿಯಲ್ಲಿ ಸಾಗಿಸುವಾಗ ಅನೇಕವು ಒಡೆಯುತ್ತಿದ್ದವು. ಆದಕಾರಣ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆಗಾಗಿ ಅವನು ಬಹಳ ಪ್ರಯಾಸಪಟ್ಟು, ಸಂಬಳವಿಲ್ಲದೆ ಅದರ ಖಜಾಂಚಿಯಾದನು. 1766ರಲ್ಲಿ ಮೊದಲನೆಯ ಗುದ್ದಲಿಯನ್ನು ಹಾಕಿದವನೂ ಅವನೇ. ಆ ಕಾಲುವೆಯು 1777ರಲ್ಲಿ ಮುಗಿಯಿತು. ದಾರಿಯಲ್ಲಿ ಒಡೆದ ಪಾತ್ರೆಗೆ ಬದಲು ಕೊಡುತ್ತಿದ್ದನು. ಮೆಚ್ಚದವರು ಹಿಂದಕ್ಕೆ ಕಳುಹಿಸಬಹುದಾಗಿತ್ತು. ಹೀಗೆ ಅವನ ಮಾತಿಗೂ ಪಾತ್ರೆಗೂ ಒಂದೇ ಬೆಲೆಯುಂಟಾಯಿತು.

1768ರಲ್ಲಿ ಕಾಲಿನ ವೇದನೆಯು ಹೆಚ್ಚಿದದರಿಂದ ವೈದ್ಯರು ಅದನ್ನು ಕತ್ತರಿಸಿ ತೆಗೆದರು. ಮೈಮರಿಸುವ ಔಷಧವು ಆಗ ಇರಲಿಲ್ಲ. ಎಚ್ಚರವಿದ್ದೇ ಅದನ್ನು ಸಹಿಸಿದನು. ಮರದ ಕಾಲಿನಿಂದ ನಡೆಯುತ್ತಾ ಮರುವರುಷವೇ ಎಟ್ರೂರಿಯ ಎಂಬ ದೊಡ್ಡ ಕಾರ್ಖಾನೆಯನ್ನು ತೆರೆದನು. ಅಲಂಕಾರದ ಪಾತ್ರೆಗಳ ವ್ಯಾಪಾರಕ್ಕೆ ಲಿವರ್‌ಪೂಲ್ ಪಟ್ಟಣದ ವರ್ತಕನಾದ ಥಾಮಸ್ ಬೆಂಟ್ಲಿಯು ಪಾಲುಗಾರನಾದನು. ವೆಜ್‌ವುಡ್ಡನಿಗೆ ಮಣ್ಣು ತಿಳಿದಿತ್ತು. ವಿದ್ಯಾವಂತನಾದ ಬೆಂಟ್ಲಿಗೆ ಜನರ ಅಭಿರುಚಿಯು ತಿಳಿದಿತ್ತು. ಇಬ್ಬರೂ ಒಬ್ಬರ ಕೊರತೆಯನ್ನು ಒಬ್ಬರು ತುಂಬಿದರು.

ಈಗ ನಾವು ಹೇಳಬೇಕಾದ ಮುಖ್ಯ ಸಂಗತಿಗೆ ಬಂದೆವು. 1772ರಲ್ಲಿ ಲಂಡನಿನ ಒಂದು ದೊಡ್ಡ ಬ್ಯಾಂಕು ಮುರಿದುಬಿದ್ದು ವ್ಯಾಪಾರವೆಲ್ಲಾ ಕುಗ್ಗಿತು. ವೆಜ್‌ವುಡ್ಡನ ಹೆಸರು ದೇಶದೇಶಗಳಲ್ಲಿ ಹಬ್ಬಿತ್ತು. ಆದರೆ ಕೈಯಲ್ಲಿ ಹಣವಿರಲಿಲ್ಲ. ಪಾತ್ರೆಗಳು ಉಗ್ರಾಣದಲ್ಲಿ ಕೂಡಿಬಿದ್ದವು. ಉದ್ದರಿ ಕೊಂಡ ಪ್ರಭುಗಳು ಹಣ ಸಲ್ಲಿಸಲು ತಡಮಾಡುತ್ತಿದ್ದರು. ಮತ್ತೊಬ್ಬನಾಗಿದ್ದರೆ ಕಾಲವನ್ನು ದೂರಿ ಕೈಚೆಲ್ಲಿ ಕೂತಾನು. ಅವನಾದರೋ ಪುಸ್ತಕವನ್ನು ತೆರೆದು ಕೂತನು. ಒಂದು ಹೂದಾನಿಯು ತನಗೆ ಎಷ್ಟಕ್ಕೆ ಬೀಳುತ್ತದೆ? ಮಣ್ಣು ಇಷ್ಟು, ಕುಶಲಕರ್ಮಿಯ ಕೂಲಿ ಇಷ್ಟು ಎಂಬದು ಮೊದಲೇ ತಿಳಿದಿತ್ತು. ಆದರೆ ಕಲ್ಲಿದ್ದಲು, ಬಾಡಿಗೆ, ಆಳುಹುಡುಗರ ಕೂಲಿ, ಗುಮಾಸ್ತರ ಸಂಬಳ, ಅಚ್ಚು ಮಾಡುವ ವೆಚ್ಚ, ಆವಿಗೆಯಲ್ಲಿ ಒಡೆದುಹೋದವುಗಳ ನಷ್ಟ ಇವೆಲ್ಲವನ್ನೂ ಕೂಡಿಸಲಾಗಿ, ತಾನು ನೆನಸಿದ ಲಾಭವು ಎಲ್ಲೆಲ್ಲಿ ಸೋರಿಹೋಗುತ್ತಿತ್ತೆಂದು ಕಂಡುಬಂತು.

ಇನ್ನೊಂದು ಮಾತೂ ತಿಳಿಯಿತು. ಅದೇನಂದರೆ, ಬಾಡಿಗೆ, ಅಚ್ಚು, ಗುಮಾಸ್ತ ಇವುಗಳ ಖರ್ಚು ಹತ್ತು ಪಾತ್ರೆ ಮಾಡಿದರೂ ನೂರು ಮಾಡಿದರೂ ಹೆಚ್ಚುಕಡಿಮೆ ಒಂದೇ. ಆದದರಿಂದ ದಿನಕ್ಕೊಂದು ಹೊಸ ಮಾದರಿಯ ಹಿಂದೆ ಓಡದೆ, ಒಂದೇ ಅಚ್ಚಿನಿಂದ ಅನೇಕವನ್ನು ತೆಗೆದು, ಬೆಲೆಯನ್ನು ಇಳಿಸಿ, ಸಾಧಾರಣ ಜನರಿಗೂ ಮಾರುವದು ಲೇಸೆಂದು ಕಂಡನು. ಅದೇ ಪರೀಕ್ಷೆಯಲ್ಲಿ ನಂಬಿಕೊಂಡಿದ್ದ ಗುಮಾಸ್ತನ ವಂಚನೆಯೂ ಬೆಳಕಿಗೆ ಬಂತು. ಅಂದಿನಿಂದ ವಾರವಾರದ ಲೆಕ್ಕವನ್ನು ತರಿಸಿಕೊಳ್ಳುವ ಪದ್ಧತಿಯನ್ನು ಇಟ್ಟನು. ಆ ಕೆಟ್ಟ ವರುಷದಲ್ಲಿ ಅನೇಕ ವರ್ತಕರು ಬಿದ್ದುಹೋದರು, ಅವನು ಉಳಿದನು.

ಮುಂದೆ ಸಾವಿರಾರು ಪರೀಕ್ಷೆಗಳ ತರುವಾಯ ಜ್ಯಾಸ್ಪರ್ ಎಂಬ ಹೊಸ ಪಿಂಗಾಣಿಯನ್ನು ಸಾಧಿಸಿದನು. ಆವಿಗೆಯ ಶಾಖವನ್ನು ಅಳೆಯುವ ಉಪಾಯವನ್ನು ಕಂಡುಹಿಡಿದು 1783ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಸದಸ್ಯನಾದನು. ಅವನು ದೋಷವಿಲ್ಲದವನೆಂದು ನಾವು ಹೇಳುವದಿಲ್ಲ. ಕೆಲಸದವರ ಮೇಲೆ ಗಂಟೆಯ ಕಟ್ಟಳೆಯೂ ದಂಡವೂ ಕಠಿಣವಾಗಿದ್ದವು. ಮೆರುಗಿಗೆ ಬಳಸಿದ ಸೀಸವು ಆ ಕಸುಬಿನವರ ಆರೋಗ್ಯವನ್ನು ಕೆಡಿಸುತ್ತಿತ್ತು. ಆದರೂ ಲಾಭವೊಂದನ್ನೇ ಅವನು ನೋಡಲಿಲ್ಲ. 1787ರಲ್ಲಿ, ಸಂಕೋಲೆಗಳಿಂದ ಕಟ್ಟಲ್ಪಟ್ಟು ಮೊಣಕಾಲೂರಿದ ಒಬ್ಬ ದಾಸನ ಚಿತ್ರವುಳ್ಳ ಚಿಕ್ಕ ಪದಕಗಳನ್ನು ತನ್ನ ಖರ್ಚಿನಿಂದಲೇ ಮಾಡಿಸಿ ಧರ್ಮಾರ್ಥವಾಗಿ ಹಂಚಿಸಿದನು. ಜನರು ಅದನ್ನು ಆಭರಣದಂತೆ ಧರಿಸಿದರು. ಗುಲಾಮರ ವ್ಯಾಪಾರವು ಅನ್ಯಾಯವೆಂಬ ವಿಚಾರವು ಮನೆಮನೆಗೂ ಮುಟ್ಟಿತು. ಆ ವ್ಯಾಪಾರವನ್ನು ಇಂಗ್ಲೆಂಡಿನ ಪಾರ್ಲಿಮೆಂಟು 1807ರಲ್ಲಿ ನಿಷೇಧಿಸಿತು. ಅದನ್ನು ಕಣ್ಣಾರೆ ಕಾಣಲು ಅವನು ಬದುಕಿರಲಿಲ್ಲ. 1795ನೆಯ ಇಸವಿ ಜನವರಿ 3ರಲ್ಲಿ ಎಟ್ರೂರಿಯದಲ್ಲಿ ತೀರಿಕೊಂಡನು.

ಪ್ರಿಯರೇ, ನಮಗೆ ರಾಣಿಯ ಗಿರಾಕಿಯೂ ಇಲ್ಲ, ಕಾರ್ಖಾನೆಯೂ ಇಲ್ಲ. ಆದರೆ ಒಂದು ಲೆಕ್ಕದ ಪುಸ್ತಕವು ಎಲ್ಲರಿಗೂ ಸಿಕ್ಕುವದು. ಮಗ್ಗವುಳ್ಳವನು ನೂಲಿನ ಕ್ರಯದೊಂದಿಗೆ ಹೆಂಡತಿಮಕ್ಕಳು ಸುತ್ತಿದ ಕಂಡಿಕೆಗಳ ದುಡಿಮೆಯನ್ನೂ ಬರೆಯಲಿ. ಅಂಗಡಿಯವನು ಉದ್ದರಿಯನ್ನೂ ಇಲಿ ತಿಂದ ಅಕ್ಕಿಯನ್ನೂ ಬರೆಯಲಿ. ಮಾರಾಟವು ಬೇರೆ, ಲಾಭವು ಬೇರೆ. ಇದನ್ನು ಸಂಕಟವು ಬಂದ ಮೇಲೆ ಕಲಿತ ಕುಂಬಾರನು ಉಳಿದನು. ಬರುವದಕ್ಕಿಂತ ಮುಂಚೆಯೇ ನಾವು ಕಲಿತರೆ ಇನ್ನೂ ಒಳ್ಳೇದಲ್ಲವೇ?