ಕಡಲಾಚೆ ಬಾಳಿದ ಕನ್ನಡ ಕವಿ

ಸಿಂಧನೂರಿನ ಸುತ್ತಣ ಕ್ಯಾಂಪುಗಳಲ್ಲಿ ಮನೆಯೊಳಗೊಂದು ನುಡಿ, ಹೊಸ್ತಿಲಾಚೆ ಮತ್ತೊಂದು. ತುಂಗಭದ್ರೆಯ ಕಾಲುವೆಯ ನೀರನ್ನರಸಿ ಬಂದ ತೆಲುಗರ ಮನೆಗಳು ಅಲ್ಲುಂಟು. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮನೆಗಳೂ ಉಂಟು. ಆ ಮನೆಗಳ ಮಕ್ಕಳು ತರಗತಿಯಲ್ಲಿ ಕನ್ನಡ ಪದ್ಯವನ್ನು ಓದುವಾಗಲೆಲ್ಲ ನನಗೆ ಎ. ಕೆ. ರಾಮಾನುಜನ್ ಅವರ ನೆನಪಾಗುತ್ತದೆ.

ರಾಮಾನುಜನ್ 1929ರ ಮಾರ್ಚ್ 16ರಂದು ಮೈಸೂರಿನ ತಮಿಳು ಶ್ರೀವೈಷ್ಣವ ಕುಟುಂಬದಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. ಅಡುಗೆಮನೆಯಲ್ಲಿ ತಾಯಿಯ ತಮಿಳು, ಮಹಡಿಯ ಮೇಲೆ ತಂದೆಯ ಇಂಗ್ಲಿಷ್, ಬೀದಿಗಿಳಿದರೆ ಕನ್ನಡ. ಹೀಗೆ ಮೂರು ನುಡಿಗಳ ನಡುವೆ ಬಾಲ್ಯ ಕಳೆಯಿತು. ಇಂಗ್ಲಿಷಿನಲ್ಲಿ ಎಂ.ಎ. ಪದವಿ ಪಡೆದು ಅಧ್ಯಾಪಕರಾದರು. ಬೆಳಗಾವಿಯಲ್ಲಿದ್ದ ವರ್ಷಗಳಲ್ಲಿ, ಪಂಡಿತರು ಕಡೆಗಣಿಸಿದ್ದ ಹೆಂಗಸರ ಕಥೆಗಳನ್ನು ಅವರು ಶ್ರದ್ಧೆಯಿಂದ ಸಂಗ್ರಹಿಸಿದರು.

1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ದೊರೆತು ಅಮೆರಿಕೆಯ ಇಂಡಿಯಾನ ವಿಶ್ವವಿದ್ಯಾಲಯವನ್ನು ಸೇರಿದರು. ಭಾರತೀಯರಿಗೆ ಆ ದೇಶದ ಬಾಗಿಲು ಆಗ ಅಗಲವಾಗಿ ತೆರೆದಿರಲಿಲ್ಲ. 1946ರ ಕಾಯಿದೆಯಂತೆ ನೆಲೆಸಲು ಅವಕಾಶವಿದ್ದುದು ವರ್ಷಕ್ಕೆ ಸುಮಾರು 100 ಮಂದಿಗೆ. 1965ರ ಕಾಯಿದೆಯ ಅನಂತರವೇ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಹೋದುದು. ಅಂಥ ಪರದೇಶದಲ್ಲಿ ಕುಳಿತು ಅವರು ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಕನ್ನಡದ ವ್ಯಾಕರಣ! 1963ರಲ್ಲಿ ಪದವಿ ಬಂದಿತು. ಅಷ್ಟರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಅವರ ಕರ್ಮಭೂಮಿಯಾಗಿತ್ತು. 1962ರಲ್ಲಿ ಕಾದಂಬರಿಕಾರ್ತಿ ಮಾಲಿ ಡೇನಿಯಲ್ಸ್ ಅವರನ್ನು ವಿವಾಹವಾದರು. ಒಬ್ಬ ಮಗಳು, ಒಬ್ಬ ಮಗ. ಸಂಸಾರ ನೇರವಾಗಿ ಸಾಗಲಿಲ್ಲ. ಅಗಲಿ, ಮತ್ತೆ ಕೂಡಿ, ಮತ್ತೆ ಅಗಲಿದರು. ಹೊರನಾಡಿನ ಕೀರ್ತಿಯನ್ನು ಮಾತ್ರ ಎಣಿಸುವವರು ಇದನ್ನೂ ನೆನೆಯಬೇಕು.

ಊರು ಬಿಟ್ಟವನ ನುಡಿ ಒಣಗುತ್ತದೆಂಬ ಭಯ ನಮ್ಮಲ್ಲಿ ಹಳೆಯದು. ರಾಮಾನುಜನ್ನರ ಮೊದಲ ಕನ್ನಡ ಕವನಸಂಗ್ರಹ ‘ಹೊಕ್ಕುಳಲ್ಲಿ ಹೂವಿಲ್ಲ’ ಪ್ರಕಟವಾದುದು 1969ರಲ್ಲಿ, ಅವರು ಕಡಲು ದಾಟಿ ಹತ್ತು ವರ್ಷಗಳಾದ ಮೇಲೆ. 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಹೊರಬಂದಿತು. ಲಿಂಗಸುಗೂರಿನಿಂದ ಬಡಗಣಕ್ಕೆ ನಡೆದು ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಅಲ್ಲಿಯ ಮುದನೂರು ದೇವರ ದಾಸಿಮಯ್ಯನ ಊರು. ಮಗಧದ ಅರಸನ ಪ್ರಾಕೃತ ಎಂದೋ ಮಸ್ಕಿಯ ಬಂಡೆಗೆ ಬಂದು ನೆಲೆಯಾದಂತೆ, ಮುದನೂರಿನ ನೇಕಾರನ ಮಾತು ಈ ಅನುವಾದದಿಂದ ದೂರದ ಓದುಗರ ಮನೆಗಳಲ್ಲಿ ನೆಲೆಯಾಯಿತು.

1993ರ ಜುಲೈ 13ರಂದು ಶಿಕಾಗೊದಲ್ಲಿ, ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟ ಸಂದರ್ಭದಲ್ಲಿ, ಅವರು ತೀರಿಕೊಂಡರು.

ತಮಿಳು ಮನೆಯ ಹುಡುಗನೊಬ್ಬನಿಗೆ ಮೈಸೂರಿನ ಬೀದಿ ಕೊಟ್ಟ ಕನ್ನಡ ಅಮೆರಿಕೆಯಲ್ಲಿ ಮೂವತ್ತನಾಲ್ಕು ವರ್ಷ ಬಾಡದೆ ಉಳಿಯಿತು. ಬೀದಿಯ ಕನ್ನಡಕ್ಕೆ ಅಷ್ಟು ಕಸುವುಂಟು. ಕ್ಯಾಂಪಿನ ಮಕ್ಕಳಿಗೆ ನಮ್ಮ ಬೀದಿಗಳು ಎಂತಹ ಕನ್ನಡವನ್ನು ಕೊಡುತ್ತಿವೆ ಎಂಬುದನ್ನು ನಾವು ಯೋಚಿಸಬೇಕು.