ಮೈದಾನದ ಕೆಲಸದಿಂದ ಭಾರತ ತಂಡದವರೆಗೆ: ಪಾಳವಣಕರ ಬಾಳೂ

ಭಾರತದ ಮೊದಲ ದೊಡ್ಡ ಬೌಲರ್ ಯಾರು ಎಂದು ಕೇಳಿದರೆ ಕ್ರಿಕೆಟ್ ಇತಿಹಾಸ ಬಲ್ಲವರು ಹೇಳುವ ಹೆಸರು ಪಾಳವಣಕರ ಬಾಳೂ. ಅವರು ಹುಟ್ಟಿದ್ದು ನಮ್ಮ ನೆರೆಯ ಧಾರವಾಡದಲ್ಲಿ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹೋದರೆ ಸಿಗುವ ಊರು ಅದು. ಆದರೂ ಅಂಕೋಲೆಯ ಜೈಹಿಂದ್ ಮೈದಾನದಲ್ಲಿ, ಕಾರವಾರದ ಮಾಲಾದೇವಿ ಮೈದಾನದಲ್ಲಿ ಆಡಿ ಬೆಳೆದ ನಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿಲ್ಲ. ನಾನು ಕೇಳಿದ್ದು ಇಂಜಿನಿಯರಿಂಗ್ ಓದಲು ಊರು ಬಿಟ್ಟ ಮೇಲೆ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆಯಬೇಕೆಂದಾಗ ಈ ಬದುಕನ್ನೇ ನಮ್ಮೂರಿನ ಮಕ್ಕಳಿಗೆ ಹೇಳಬೇಕೆನಿಸಿತು.

ಬಾಳೂ ಹುಟ್ಟಿದ್ದು 1870ರ ದಶಕದಲ್ಲಿ, ಆಗ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮ್ಮಾರ ಕುಟುಂಬದಲ್ಲಿ. ಮನೆತನದ ಮೂಲ ಕೊಂಕಣದ ಪಾಳವಣ ಎಂಬ ಹಳ್ಳಿ. ತಂದೆ ಸೈನ್ಯದಲ್ಲಿದ್ದರು. ಬಾಳೂ ಬೆಳೆದದ್ದು ಪುಣೆಯಲ್ಲಿ. ಇಂಗ್ಲಿಷ್ ಅಧಿಕಾರಿಗಳು ಆಡಿ ಬಿಟ್ಟ ಬ್ಯಾಟು ಚೆಂಡುಗಳಲ್ಲೇ ಅವರೂ ತಮ್ಮ ಶಿವರಾಮನೂ ಆಟ ಕಲಿತರು.

ಮೊದಲ ಕೆಲಸ ಪುಣೆಯ ಪಾರ್ಸಿಗಳ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ನಡುನಡುವೆ ಸದಸ್ಯರಿಗೆ ಬೌಲಿಂಗ್ ಮಾಡುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿ ಆಯಿತು. ಅಲ್ಲಿ ನೆಟ್ ಕಟ್ಟಿ, ಗೆರೆ ಎಳೆದು, ಗಂಟೆಗಟ್ಟಲೆ ಎಡಗೈ ಸ್ಪಿನ್ ಎಸೆಯುತ್ತಿದ್ದರು. ಗ್ರೇಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಕತೆ ಪ್ರಸಿದ್ಧವಾಗಿದೆ. ಬ್ಯಾಟ್ ಹಿಡಿಯುವ ಅವಕಾಶವನ್ನು ಮಾತ್ರ ಯಾರೂ ಕೊಡಲಿಲ್ಲ. ದುಡಿಯುವವರಿಗೆ ಬೌಲಿಂಗ್, ಸಾಹೇಬರಿಗೆ ಬ್ಯಾಟಿಂಗ್ ಎಂಬುದು ಅಂದಿನ ರೂಢಿ.

ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಟ ಪುಣೆಯ ಹಿಂದೂ ಕ್ಲಬ್ಬಿಗಿತ್ತು. ಬಾಳೂ ಅವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂದು ಅಲ್ಲಿನ ಸದಸ್ಯರಲ್ಲಿ ಚರ್ಚೆಯಾಗಿ, ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಬಾಳೂ ಅವರಿಗೆ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಅವರು ತೆಗೆದ ವಿಕೆಟ್ ತಂಡದ್ದಾಗುತ್ತಿತ್ತು, ಅವರು ಕುಡಿದ ಪಾತ್ರೆ ಮಾತ್ರ ಯಾರಿಗೂ ಬೇಡವಾಗುತ್ತಿತ್ತು.

ಪುಣೆಯಲ್ಲಿ ಪ್ಲೇಗ್ ಬಂದ ಮೇಲೆ ಅವರು ಮುಂಬಯಿಗೆ ಬಂದರು. ರೈಲ್ವೆಯಲ್ಲಿ ನೌಕರಿ ಸಿಕ್ಕಿತು, ಹಿಂದೂ ಜಿಮ್ಖಾನಾ ತಂಡದಲ್ಲಿ ಸ್ಥಾನ ಸಿಕ್ಕಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ, ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ಅದು ಬರಿಯ ಆಟದ ಗೆಲುವಾಗಿ ಉಳಿಯಲಿಲ್ಲ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಗೆದ್ದದ್ದು 2, ಸೋತದ್ದು 10. ಹೀಗೆ ಸೋಲುತ್ತಿದ್ದ ತಂಡದಲ್ಲಿ, ಭುಜದ ನೋವಿನ ನಡುವೆಯೂ, ಬಾಳೂ ಇಡೀ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಆಗ ಅವರ ವಯಸ್ಸು ಮೂವತ್ತೈದರ ಆಸುಪಾಸು. ಮರಳಿದಾಗ ಮುಂಬಯಿಯಲ್ಲಿ ದಲಿತ ಸಮಾಜದವರು ಸನ್ಮಾನ ಮಾಡಿದರು. ಆ ಮಾನಪತ್ರ ಬರೆದವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ.

33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್. ಒಂದು ವಿಕೆಟ್ಟಿಗೆ ಕೊಟ್ಟದ್ದು ಸರಾಸರಿ 15 ರನ್ನು. ಇಷ್ಟಾದರೂ ಹಿಂದೂ ತಂಡ ಅವರನ್ನು ಒಮ್ಮೆಯೂ ನಾಯಕನನ್ನಾಗಿ ಆರಿಸಲಿಲ್ಲ. ಪ್ರತಿಭೆ ಇದ್ದರೆ ಸಾಕು, ಉಳಿದದ್ದೆಲ್ಲ ತಾನೇ ಬರುತ್ತದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಬಾಳೂ ಅವರ ಬದುಕು ಹಾಗೆ ಹೇಳುವುದಿಲ್ಲ. 1920ರಲ್ಲಿ ಅವರನ್ನು ತಂಡದಿಂದ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡಲು ಒಪ್ಪದೆ ಹೊರನಡೆದರು. ಜನರೂ ಅವರ ಪರ ಮಾತನಾಡಿದರು. ಕೊನೆಗೆ ಅಂತಿಮ ಪಂದ್ಯಕ್ಕೆ ಬಾಳೂ ಅವರನ್ನು ಉಪನಾಯಕನನ್ನಾಗಿ ಮಾಡಿ ಮರಳಿ ಕರೆದರು. 1923ರಲ್ಲಿ ವಿಠ್ಠಲ ನಾಯಕರಾದರು, ತಂಡ ಯುರೋಪಿಯನ್ನರನ್ನು ಗೆದ್ದಿತು. ಅಣ್ಣನ ಬೌಲಿಂಗ್ ತೆರೆದ ಬಾಗಿಲನ್ನು ಪೂರ್ತಿ ತೆರೆದದ್ದು ತಮ್ಮಂದಿರ ಆ ಒಂದು ನಿರಾಕರಣೆ ಎಂದು ನನಗನಿಸುತ್ತದೆ.

ಆಟ ಮುಗಿದ ಮೇಲೆ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅವರು ಗಾಂಧೀಜಿಯ ಪರ ನಿಂತರು. 1937ರಲ್ಲಿ ಮುಂಬಯಿ ಪ್ರಾಂತ್ಯದ ವಿಧಾನಸಭೆಗೆ ಕಾಂಗ್ರೆಸ್ಸಿನಿಂದ ಸ್ಪರ್ಧಿಸಿದರು. ನಮ್ಮ ಉತ್ತರ ಕನ್ನಡವೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಎದುರಿಗಿದ್ದವರು ಅಂದು ಮಾನಪತ್ರ ಬರೆದಿದ್ದ ಅಂಬೇಡ್ಕರರೇ. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ಇಬ್ಬರೂ ಬಯಸಿದ್ದು ತಮ್ಮ ಜನರ ಏಳಿಗೆಯನ್ನೇ. ಹಿಡಿದ ದಾರಿ ಬೇರೆಯಾಗಿತ್ತು. ಒಬ್ಬರನ್ನು ಗೌರವಿಸಲು ಇನ್ನೊಬ್ಬರನ್ನು ಹಳಿಯಬೇಕಿಲ್ಲ.

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಭಾರತ ಟೆಸ್ಟ್ ಆಡಲು ಆರಂಭಿಸಿದ್ದು 1932ರಲ್ಲಿ. ಹೀಗಾಗಿ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಐವತ್ತು ವರ್ಷಗಳಿಂದ ನಮ್ಮ ಸರ್ಕಾರಿ ಶಾಲೆಯಲ್ಲಿ ಮೀನುಗಾರರ, ರೈತರ, ಕೂಲಿಕಾರರ, ನೌಕರರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಓದಿದ್ದೇವೆ, ಒಂದೇ ನಲ್ಲಿಯ ನೀರು ಕುಡಿದಿದ್ದೇವೆ. ಇದು ತಾನಾಗಿ ಬಂದದ್ದಲ್ಲ. ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವರು, ಆಡುವುದಿಲ್ಲ ಎಂದು ಎದ್ದು ಹೋದವರು ನಮಗೆ ಕೊಟ್ಟು ಹೋದದ್ದು. ಶಾಲೆಯ ಮೈದಾನದಲ್ಲಿ ಮುಂದಿನ ಬಾರಿ ತಂಡ ಕಟ್ಟುವಾಗ, ನಾಯಕನನ್ನು ಆರಿಸುವಾಗ ನಮ್ಮ ಮಕ್ಕಳು ಬಾಳೂ ಅವರನ್ನು ನೆನೆಯಲಿ.