ತುತೂರಿಯ ಹೆಸರಿಟ್ಟ ವೈದ್ಯ: ಗಾಬ್ರಿಯೆಲೆ ಫಲ್ಲೋಪಿಯೊ

ನಮ್ಮ ಮಂಗಳೂರಿನ ಬಂದರ್ ಪರಿಸರದಲ್ಲಿ ಒಂದು ಕಡೆ ರೊಸಾರಿಯೊ ಕೆಥೆಡ್ರಲ್, ಇನ್ನೊಂದು ಕಡೆ ಲೇಡಿಗೋಶನ್ ಹೆರಿಗೆ ಆಸ್ಪತ್ರೆ ಇವೆ. ಇಗರ್ಜಿಯಲ್ಲಿ ಸಂತ ಪೌಲರ ಪತ್ರ ಓದುವಾಗ ಕಡೆಯ ತುತೂರಿಯ ಮಾತು ಬರುತ್ತದೆ. ಆಸ್ಪತ್ರೆಯಲ್ಲಿ ಗರ್ಭಿಣಿಯರ ಚೀಟಿಯಲ್ಲಿ ಫೆಲೋಪಿಯನ್ ಟ್ಯೂಬ್ ಎಂಬ ಮಾತು ಬರುತ್ತದೆ. ಇವೆರಡೂ ಮೂಲದಲ್ಲಿ ಒಂದೇ ವಾದ್ಯದ ಹೆಸರು ಎಂದರೆ ಹಲವರು ನಂಬಲಿಕ್ಕಿಲ್ಲ. ಅವೆರಡನ್ನು ಸೇರಿಸಿದವರು ಇಟಲಿಯ ಒಂದು ಕೆಥೆಡ್ರಲಿನ ಕೆನನ್ ಆಗಿದ್ದವರು.

ಗಾಬ್ರಿಯೆಲೆ ಫಲ್ಲೋಪಿಯೊ 1523ರಲ್ಲಿ ಮೊದೆನಾ ನಗರದಲ್ಲಿ ಹುಟ್ಟಿದರು. ತಂದೆ ಬೇಗ ತೀರಿಕೊಂಡ ಕಾರಣ ಮನೆಯಲ್ಲಿ ಕಷ್ಟವಿತ್ತು. ಜೀವನೋಪಾಯಕ್ಕಾಗಿ ಧರ್ಮಸಭೆಯ ಸೇವೆಗೆ ಸೇರಿ, 1542ರಲ್ಲಿ ಮೊದೆನಾ ಕೆಥೆಡ್ರಲಿನ ಕೆನನ್ ಆದರು. ಆದರೆ ಮನಸ್ಸು ವೈದ್ಯಶಾಸ್ತ್ರದ ಕಡೆಗಿತ್ತು. ಮೊದಲು ಶಸ್ತ್ರಚಿಕಿತ್ಸೆಗೆ ಕೈಹಾಕಿದರು, ಅದು ಕೈಗೂಡಲಿಲ್ಲ. ಹಲವು ರೋಗಿಗಳು ಉಳಿಯಲಿಲ್ಲ. ಸೋಲನ್ನು ಒಪ್ಪಿಕೊಂಡು ಕತ್ತಿ ಕೆಳಗಿಟ್ಟು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ನಮಗೆ ಅವರಲ್ಲಿ ಹಿಡಿಸುವ ಮೊದಲ ಗುಣ ಇದು. ಮುಂದೆ ಫೆರಾರಾ, ಪೀಸಾ, 1551ರಿಂದ ಪಾದುವ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು.

ಪೀಸಾದ ದಿನಗಳ ಒಂದು ಸಂಗತಿಯನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಸರಿಯಲ್ಲ. ಅಲ್ಲಿನ ಡ್ಯೂಕ್, ಮರಣದಂಡನೆ ವಿಧಿಸಲ್ಪಟ್ಟವರನ್ನು ಅಂಗಚ್ಛೇದನಕ್ಕಾಗಿ ವೈದ್ಯರ ಕೈಗೆ ಒಪ್ಪಿಸುತ್ತಿದ್ದ. ಅವರನ್ನು ವೈದ್ಯರೇ ಕೊಲ್ಲಬೇಕಿತ್ತು. ಹೀಗೆ ಬಂದ ಒಬ್ಬನಿಗೆ ನಾಲ್ಕು ದಿನಕ್ಕೊಮ್ಮೆ ಬರುವ ಚಳಿಜ್ವರವಿತ್ತು. ಅಫೀಮು ಕೊಟ್ಟರು, ಸಾಯಲಿಲ್ಲ. ಇನ್ನೊಮ್ಮೆ ಕೊಡಿ, ಬದುಕಿದರೆ ಡ್ಯೂಕನಿಂದ ಕ್ಷಮೆ ಕೊಡಿಸಿ ಎಂದು ಅವನು ಬೇಡಿಕೊಂಡ. ಎರಡನೆಯ ಸಲ ಸತ್ತ. ಇದನ್ನು ಫಲ್ಲೋಪಿಯೊ ತಮ್ಮ ಪಾಠದಲ್ಲಿ ತಾವೇ ಹೇಳಿದ್ದಾರೆ. ಕಾನೂನಿನ ಅನುಮತಿ ಇತ್ತು ಎಂಬ ಮಾತಿನಿಂದ ನಮಗೆ ಸಮಾಧಾನವಾಗುವುದಿಲ್ಲ. ಆ ಮನುಷ್ಯನ ಹೆಸರನ್ನು ಯಾವ ಅಂಗಕ್ಕೂ ಇಟ್ಟಿಲ್ಲ.

1561ರಲ್ಲಿ ವೆನಿಸಿನಲ್ಲಿ ಅವರ ಅಂಗರಚನಾ ಗ್ರಂಥ ಅಚ್ಚಾಯಿತು. ಇದಕ್ಕೆ 18 ವರ್ಷ ಹಿಂದೆ ವೆಸಾಲಿಯಸ್ ಪ್ರಕಟಿಸಿದ್ದ ದೊಡ್ಡ ಗ್ರಂಥದಲ್ಲಿ ಅದ್ಭುತ ಚಿತ್ರಗಳಿದ್ದವು. ಫಲ್ಲೋಪಿಯೊ ಅವರ ಗ್ರಂಥದಲ್ಲಿ ಒಂದೇ ಒಂದು ಚಿತ್ರವಿಲ್ಲ. ಕಂಡದ್ದನ್ನು ಮಾತಿನಲ್ಲೇ ತೋರಿಸಬೇಕಿತ್ತು. ಗರ್ಭಕೋಶದ ಎರಡು ಬದಿಗಳಿಂದ ಹೊರಡುವ ನಾಳವು ಆರಂಭದಲ್ಲಿ ಬಹಳ ಸಪೂರ, ಹೋಗುತ್ತಾ ಬಾಗಿ ಅಗಲವಾಗುತ್ತದೆ, ತುದಿಯಲ್ಲಿ ಬಾಯಿ ತೆರೆದುಕೊಂಡು ಅಂಚು ಜಾಲರಿಯಂತಿರುತ್ತದೆ. ನೋಡಿದವರಿಗೆ ಏನು ನೆನಪಾಗಬೇಕು? ತುತೂರಿಯೇ. ಅದಕ್ಕೆ ಲ್ಯಾಟಿನ್ ಭಾಷೆಯ ತೂಬಾ ಎಂಬ ಹೆಸರು ಕೊಟ್ಟರು. ಲ್ಯಾಟಿನ್ ಬೈಬಲಿನಲ್ಲಿ ಕಡೆಯ ತುತೂರಿಗೆ ಇರುವ ಪದವೂ ಅದೇ, ಕೆನನ್ ಆಗಿದ್ದವರಿಗೆ ಅದು ದಿನವೂ ಕೇಳಿದ ಮಾತು.

ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಆ ಪದ ಸಾಲ್ಪಿಂಕ್ಸ್. ಇದು ಗ್ರೀಕರ ನೀಳವಾದ ಯುದ್ಧ ತುತೂರಿ. ಒಲಿಂಪಿಯಾದ ಕ್ರೀಡೆಗಳಲ್ಲಿ ಕ್ರಿ.ಪೂ. 396ರಿಂದ ಇದನ್ನು ಊದುವ ಸ್ಪರ್ಧೆಯೂ ಇತ್ತು. ಪ್ರಕಟನಾ ಗ್ರಂಥದ ಏಳು ದೇವದೂತರ ಕೈಯಲ್ಲಿರುವುದೂ ಇದೇ. ರೋಗಗಳ ಹೆಸರನ್ನು ಗ್ರೀಕಿನಿಂದ ಕಟ್ಟುವ ವೈದ್ಯರು ಈ ಪದವನ್ನು ಹಿಡಿದುಕೊಂಡರು. ನಾಳದ ಉರಿಯೂತ ಸಾಲ್ಪಿಂಜೈಟಿಸ್ ಆಯಿತು. ಭ್ರೂಣ ಗರ್ಭಕೋಶಕ್ಕೆ ಬಾರದೆ ನಾಳದಲ್ಲೇ ಬೆಳೆದು ತಾಯಿಯ ಜೀವಕ್ಕೆ ಅಪಾಯವಾದಾಗ ನಾಳವನ್ನು ತೆಗೆಯುವ ಶಸ್ತ್ರಕ್ರಿಯೆ ಸಾಲ್ಪಿಂಜೆಕ್ಟಮಿ ಆಯಿತು. ಇಂಗ್ಲಿಷಿನಲ್ಲಿ ಮಾತ್ರ ತೂಬಾ ಹೋಗಿ ಟ್ಯೂಬ್ ಆಯಿತು. ತುತೂರಿ ಬರೀ ಕೊಳವೆಯಾಯಿತು! ಗಂಟಲಿನಿಂದ ಕಿವಿಗೆ ಹೋಗುವ ನಾಳಕ್ಕೂ ಇದೇ ಹೆಸರು, ಇದೇ ಗತಿ.

ಆ ನಾಳದ ಕೆಲಸವೇನೆಂದು ಫಲ್ಲೋಪಿಯೊ ಅವರಿಗೆ ತಿಳಿದಿರಲಿಲ್ಲ. ಸಸ್ತನಿಗಳ ಅಂಡಾಣುವನ್ನು ಫಾನ್ ಬೇರ್ ಕಂಡದ್ದು 1827ರಲ್ಲಿ. ಆದರೂ ಆಕಾರವನ್ನು ಇವರು ಸರಿಯಾಗಿಯೇ ನೋಡಿದ್ದರು. ತೆರೆದ ಬಾಯಿಯೇ ಅಂಡಾಣುವನ್ನು ಬರಮಾಡಿಕೊಳ್ಳುವ ಜಾಗ.

ಇನ್ನೊಂದು ಸಂಗತಿ ಬಂದರಿನವರಿಗೆ ಇಷ್ಟವಾಗಬಹುದು. ಅವರ ಗೆಳೆಯ, ಸಸ್ಯಶಾಸ್ತ್ರಜ್ಞ ಗ್ವಿಲಾಂಡಿನುಸ್, ಸಮುದ್ರಯಾನದಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕಿ ಸೆರೆಯಾದಾಗ, ಹಣ ತೆತ್ತು ಬಿಡಿಸಿದವರು ಫಲ್ಲೋಪಿಯೊ. ಬಿಡುಗಡೆಯಾಗಿ ಬಂದವರು ಪಾದುವದ ಸಸ್ಯೋದ್ಯಾನದ ಮುಖ್ಯಸ್ಥರಾದರು.

ಫಲ್ಲೋಪಿಯೊ 1562ರ ಅಕ್ಟೋಬರ್ 9ರಂದು ತೀರಿಕೊಂಡರು. ವಯಸ್ಸು 39. ನಮ್ಮ ರೊಸಾರಿಯೊದಲ್ಲಿ ಪೋರ್ಚುಗೀಸರು ಮೊದಲ ಇಗರ್ಜಿ ಕಟ್ಟಿದ್ದು ಇದಾಗಿ ಆರು ವರ್ಷಕ್ಕೆ. ವೆಸಾಲಿಯಸ್ ಅವರ ತಪ್ಪುಗಳನ್ನು ಫಲ್ಲೋಪಿಯೊ ಗುರುವಿಗೆ ಹೇಳುವಂತೆ ಗೌರವದಿಂದಲೇ ತೋರಿಸಿದ್ದರು. ಅವರು ಬರೆದ ಉತ್ತರ 1564ರಲ್ಲಿ ಅಚ್ಚಾಗುವಾಗ ಓದಬೇಕಾದವರೇ ಇರಲಿಲ್ಲ. ಫಲ್ಲೋಪಿಯೊ ಅವರನ್ನು ಮಣ್ಣು ಮಾಡಿದ್ದು ಪಾದುವದ ಸಂತ ಅಂತೋನಿಯವರ ಬಸಿಲಿಕದಲ್ಲಿ, ನಮ್ಮ ಜೆಪ್ಪು ಆಶ್ರಮದ ಪಾಲಕ ಸಂತರ ಸನ್ನಿಧಿಯಲ್ಲೇ. ಅನಂತರ ಗ್ವಿಲಾಂಡಿನುಸ್ ತೀರಿಕೊಂಡಾಗ ಇಬ್ಬರು ಗೆಳೆಯರ ಅಸ್ಥಿಗಳನ್ನೂ ಒಂದೇ ಸಮಾಧಿಯಲ್ಲಿ ಇಟ್ಟರು.